ಫೋನಿನಲ್ಲಿ ನಿಮ್ಮದೇ ಗಾಲ್ಫ್ ಸ್ವಿಂಗ್ ಚಿತ್ರೀಕರಣ: ಎಲ್ಲಿಡಬೇಕು, ಹೇಗಿಡಬೇಕು, ಏನು ನೋಡಬೇಕು

ಫೋನು ಇಡುವ ಜಾಗ ಒಂದೂವರೆ ಅಡಿ ಆಚೀಚೆ ಆದರೆ ಸಾಕು, ಸರಿಯಾದ ಸ್ವಿಂಗ್ (ಕ್ಲಬ್ ಎಂಬ ಕೋಲನ್ನು ಬೀಸುವ ರೀತಿ) ಕೂಡ ವಿಡಿಯೊದಲ್ಲಿ ತಪ್ಪಾಗಿ ಕಾಣುತ್ತದೆ. ಅದನ್ನು ನೋಡಿ ಆಟಗಾರ ಇಲ್ಲದ ದೋಷವನ್ನು ತಿದ್ದಲು ಹೊರಡುತ್ತಾನೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಇದ್ದ ಆಟವೂ ಕೆಟ್ಟಿರುತ್ತದೆ. ಹಾಗಾಗಿ ಈ ಬರಹದಲ್ಲಿ ಫೋನಿನ ಮಾದರಿಗಿಂತ, ಆ್ಯಪ್‌ಗಿಂತ ಹೆಚ್ಚಿನ ಜಾಗವನ್ನು ಕ್ಯಾಮೆರಾ ನಿಲ್ಲಿಸುವ ಕೆಲಸಕ್ಕೇ ಕೊಟ್ಟಿದ್ದೇವೆ. ಅದೊಂದು ಸರಿಯಾದರೆ ಐದಾರು ವರ್ಷ ಹಳೆಯ ಫೋನಿನಲ್ಲೂ ಕೆಲಸಕ್ಕೆ ಬರುವ ವಿಡಿಯೊ ಸಿಗುತ್ತದೆ.

ಚಿಕ್ಕಮಗಳೂರಿನಂಥ ಊರಿನಲ್ಲಿ ಇದು ಇನ್ನಷ್ಟು ಮುಖ್ಯ. ಇಲ್ಲಿ ಆಡುವವರಲ್ಲಿ ಅನೇಕರು ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರು. ಕೋಚ್ ಇರುವುದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ. ತಿಂಗಳಿಗೊಮ್ಮೆ ಭೇಟಿಯಾದರೆ ಹೆಚ್ಚು. ನಡುವಿನ ದಿನಗಳಲ್ಲಿ ಕೋಚ್‌ನ ಕಣ್ಣಾಗಿ ಕೆಲಸ ಮಾಡುವುದು ನೀವು ಕಳಿಸುವ ವಿಡಿಯೊ ಮಾತ್ರ.

ಇಲ್ಲಿ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಳ್ಳಿ.

ಬೇಕಾಗುವ ಸಾಮಾನು

ಫೋನು, ಅದನ್ನು ಹಿಡಿದು ನಿಲ್ಲಿಸುವ ಟ್ರೈಪಾಡ್, ನಾಲ್ಕು ಅಡಿಯ ಎರಡು ಅಲೈನ್‌ಮೆಂಟ್ ಸ್ಟಿಕ್ (ಗುರಿಯ ದಿಕ್ಕು ತೋರಿಸಲು ನೆಲದ ಮೇಲಿಡುವ ಕೋಲು), ಆರು ಮೀಟರ್ ಉದ್ದದ ಗಟ್ಟಿ ಹುರಿ, ಬ್ಲೂಟೂತ್ ರಿಮೋಟ್, ಲೆನ್ಸ್ ಒರೆಸಲು ಹತ್ತಿಬಟ್ಟೆ. ಇಷ್ಟೇ. ಸ್ಟಿಕ್ ಇಲ್ಲದಿದ್ದರೆ ನೆಟ್ಟಗಿರುವ ಬಿದಿರಿನ ದಬ್ಬೆ ಆಗುತ್ತದೆ. ಅಂಚು ನಯವಾಗಿ ಉಜ್ಜಿರಲಿ.

ಟ್ರೈಪಾಡ್ ಕೊಳ್ಳುವಾಗ ಎತ್ತರ ನೋಡಿ. ಮೇಜಿನ ಮೇಲಿಡುವ ಅರ್ಧ ಅಡಿಯದು ಬೇಡ, ಕಾಲು ಬಿಡಿಸಿದರೆ ಕನಿಷ್ಠ ಒಂದು ಮೀಟರ್ ಬರಬೇಕು. ತೀರ ಹಗುರವಾದದ್ದು ಗಾಳಿಗೆ ಅಲ್ಲಾಡುತ್ತದೆ. ನಡುವಿನ ಕಂಬಕ್ಕೆ ಚೆಂಡಿನ ಚೀಲವನ್ನೋ ನೀರಿನ ಬಾಟಲಿಯನ್ನೋ ತೂಗುಹಾಕಿ. ನೆಲಕ್ಕೆ ಚುಚ್ಚಿದ ಸ್ಟಿಕ್‌ಗೆ ಸಿಕ್ಕಿಸುವ ಫೋನ್ ಕ್ಲಿಪ್‌ಗಳೂ ಸಿಗುತ್ತವೆ. ಮಳೆಗಾಲದ ಮೆತ್ತನೆ ನೆಲದಲ್ಲಿ ಅವು ಚೆನ್ನಾಗಿ ನಿಲ್ಲುತ್ತವೆ, ಮಾರ್ಚ್-ಏಪ್ರಿಲ್‌ನ ಗಟ್ಟಿ ನೆಲದಲ್ಲಿ ಒಳಗೆ ಇಳಿಯುವುದೇ ಇಲ್ಲ. ಗಾಲ್ಫ್ ಬ್ಯಾಗಿಗೆ ಫೋನು ಒರಗಿಸಿಡುವ ಅಭ್ಯಾಸ ಬಿಡಿ. ಅಲ್ಲಿ ಲೆನ್ಸ್ ನೆಲಕ್ಕೆ ತೀರ ಹತ್ತಿರವಾಗಿ ಆಕಾಶದತ್ತ ಓರೆಯಾಗಿರುತ್ತದೆ.

ಬ್ಯಾಗ್ ಹೊರುವ ಕ್ಯಾಡಿಯ ಕೈಗೋ ಜೊತೆಗಾರರ ಕೈಗೋ ಫೋನು ಕೊಟ್ಟು ತೆಗೆಸುವುದೂ ಬೇಡ. ಅವರು ಎಷ್ಟೇ ಕಾಳಜಿಯಿಂದ ಹಿಡಿದರೂ ಫೋನು ಅವರ ಕಣ್ಣಿನ ಮಟ್ಟಕ್ಕೆ ಏರುತ್ತದೆ, ಹೊಡೆತದ ಜೊತೆಗೆ ಕೈ ಚೆಂಡಿನ ಹಿಂದೆ ತಿರುಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ಸುರಕ್ಷತೆ. ಅದನ್ನು ಮುಂದೆ ಹೇಳುತ್ತೇವೆ.

ಫ್ರೇಮ್ ದರ ಬೇರೆ, ಶಟರ್ ವೇಗ ಬೇರೆ

ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಸ್ಲೋ ಮೋಷನ್ ಹಾಕಿದರೂ ಕ್ಲಬ್ ಮಸುಕಾಗಿ ಬಂತು ಎಂಬ ದೂರಿನ ಮೂಲ ಇದೇ.

ಫ್ರೇಮ್ ದರವೆಂದರೆ ಒಂದು ಸೆಕೆಂಡಿನಲ್ಲಿ ಫೋನು ತೆಗೆಯುವ ಚಿತ್ರಗಳ ಸಂಖ್ಯೆ. ಗಂಟೆಗೆ 90 ಮೈಲಿ ವೇಗದಲ್ಲಿ ಬರುವ ಡ್ರೈವರ್‌ನ (ಅತಿ ಉದ್ದದ ಕ್ಲಬ್) ತಲೆ ಸೆಕೆಂಡಿಗೆ ಸುಮಾರು 40 ಮೀಟರ್ ಸಾಗುತ್ತದೆ. 30 ಫ್ರೇಮ್‌ನ ಸಾಮಾನ್ಯ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು 1.3 ಮೀಟರ್ ಹೋಗಿರುತ್ತದೆ. 60ರಲ್ಲಿ 67 ಸೆಂ.ಮೀ., 120ರಲ್ಲಿ 33 ಸೆಂ.ಮೀ., 240ರಲ್ಲಿ 17 ಸೆಂ.ಮೀ. ಕ್ಲಬ್ ಮೇಲಿಂದ ಚೆಂಡಿಗೆ ಇಳಿಯುವ ಡೌನ್‌ಸ್ವಿಂಗ್ ಇಡೀ ಮುಗಿಯುವುದು ಕಾಲು ಸೆಕೆಂಡಿನ ಆಸುಪಾಸಿನಲ್ಲಿ. ಅಂದರೆ 30 ಫ್ರೇಮ್‌ನಲ್ಲಿ ನಿಮಗೆ ಸಿಗುವುದು ಏಳೆಂಟು ಚಿತ್ರ, 240ರಲ್ಲಿ ಅರವತ್ತು. ಚೆಂಡು ಕ್ಲಬ್‌ಗೆ ಅಂಟಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಹಾಗಾಗಿ 240ರಲ್ಲೂ ಸರಿಯಾಗಿ ಆ ಕ್ಷಣದ ಚಿತ್ರ ಸಿಗುವುದು ಅದೃಷ್ಟ. ಅದರ ಹಿಂದಿನ ಒಂದು, ಮುಂದಿನ ಒಂದು ಸಿಕ್ಕರೆ ಸಾಕು.

ಶಟರ್ ವೇಗವೆಂದರೆ ಪ್ರತಿ ಚಿತ್ರಕ್ಕೂ ಎಷ್ಟು ಹೊತ್ತು ಬೆಳಕು ಬಿಡುತ್ತದೆ ಎನ್ನುವುದು. ಮಸುಕನ್ನು ತೀರ್ಮಾನಿಸುವುದು ಇದು. 1/240 ಸೆಕೆಂಡ್ ತೆರೆದಿದ್ದರೆ ಕ್ಲಬ್‌ಹೆಡ್, ಅಂದರೆ ಕ್ಲಬ್‌ನ ತಲೆ, 17 ಸೆಂ.ಮೀ. ಉದ್ದದ ಬೂದು ಗೆರೆಯಾಗುತ್ತದೆ. 1/1000ದಲ್ಲಿ 4 ಸೆಂ.ಮೀ., 1/2000ದಲ್ಲಿ 2 ಸೆಂ.ಮೀ., 1/4000ದಲ್ಲಿ 1 ಸೆಂ.ಮೀ. ಐರನ್‌ಗೆ (ಚಪ್ಪಟೆ ಲೋಹದ ತಲೆಯ ಕ್ಲಬ್) 1/1000, ಡ್ರೈವರ್‌ಗೆ 1/2000 ಇದ್ದರೆ ನೋಡಲು ಸಾಕಾಗುತ್ತದೆ.

ಬಹುತೇಕ ಫೋನುಗಳ ಸ್ಲೋ ಮೋಷನ್‌ನಲ್ಲಿ ಶಟರ್ ವೇಗ ನಮ್ಮ ಕೈಯಲ್ಲಿರುವುದಿಲ್ಲ. ಬೆಳಕು ನೋಡಿ ಫೋನೇ ನಿರ್ಧರಿಸುತ್ತದೆ. ಆಗ ಎರಡು ದಾರಿ. ಮೊದಲನೆಯದು, ಒಳ್ಳೆ ಬಿಸಿಲಿನಲ್ಲಿ ತೆಗೆಯುವುದು. ಬೆಳಕು ಹೆಚ್ಚಿದಷ್ಟೂ ಶಟರ್ ತಾನಾಗಿಯೇ ಚುರುಕಾಗುತ್ತದೆ. ಜೊತೆಗೆ, ಪರದೆಯ ಮೇಲೆ ನೀವು ನಿಲ್ಲುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ತುಸು ಕೆಳಗೆಳೆಯಿರಿ. ಚಿತ್ರ ಸ್ವಲ್ಪ ಕಪ್ಪಾದರೂ ಕ್ಲಬ್ ಗೆರೆಗೆರೆಯಾಗುವುದು ತಗ್ಗುತ್ತದೆ. ಎರಡನೆಯದು, ಕ್ಯಾಮೆರಾದಲ್ಲಿ ಪ್ರೊ ವಿಡಿಯೊ ಆಯ್ಕೆ ಇದ್ದರೆ ಅಥವಾ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ನಿಮ್ಮ ಫೋನಿಗೆ ಸಿಗುವಂತಿದ್ದರೆ, 60 ಫ್ರೇಮ್ ಇಟ್ಟುಕೊಂಡು ಶಟರ್ ಅನ್ನು 1/2000ಕ್ಕೆ ನಿಲ್ಲಿಸುವುದು. ಮಸುಕಾದ 240 ಫ್ರೇಮ್‌ಗಿಂತ ಚೊಕ್ಕಟವಾದ 60 ಫ್ರೇಮ್ ಎಷ್ಟೋ ಮೇಲು.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ಸ್ಲೋ-ಮೋ ಎಂಬಲ್ಲಿ 1080ಪಿ 240 ಆರಿಸಿ. ಒಂದು ನಿಮಿಷಕ್ಕೆ ಸುಮಾರು 480 ಎಂಬಿ ಜಾಗ ಹಿಡಿಯುತ್ತದೆ, 120 ಆದರೆ 170ರಷ್ಟು. ಆಂಡ್ರಾಯ್ಡ್ ಫೋನುಗಳಲ್ಲಿ 120 ಅಥವಾ 240 ಎಂದಿರುವುದನ್ನೇ ಆರಿಸಿ. ಸೂಪರ್ ಸ್ಲೋ ಮೋಷನ್, 960 ಎಂಬ ಆಯ್ಕೆಗಳ ಹಿಂದೆ ಹೋಗಬೇಡಿ. ಅನೇಕ ಫೋನುಗಳಲ್ಲಿ ಅದು ಸೆಕೆಂಡಿನ ಒಂದು ತುಣುಕನ್ನಷ್ಟೇ ಹಿಡಿಯುತ್ತದೆ ಅಥವಾ ಎರಡು ನಿಜ ಚಿತ್ರಗಳ ನಡುವೆ ಫೋನೇ ಊಹಿಸಿ ಚಿತ್ರ ತುಂಬುತ್ತದೆ. ಒಂದೊಂದೇ ಫ್ರೇಮ್ ಸರಿಸಿ ನೋಡುವಾಗ ಕ್ಲಬ್ ಎರಡೆರಡಾಗಿ ನೆರಳಿನಂತೆ ಕಂಡರೆ ಅಥವಾ ಜೋಡಿ ಜೋಡಿ ಫ್ರೇಮ್‌ಗಳು ಒಂದೇ ಥರ ಇದ್ದರೆ ಅದು ತುಂಬಿಸಿದ ಚಿತ್ರ. ಅದನ್ನು ನಂಬಿ ಏನನ್ನೂ ಅಳೆಯಬೇಡಿ.

ಉಳಿದ ಸೆಟ್ಟಿಂಗ್ ಬೇಗ ಮುಗಿಯುತ್ತವೆ. ಹಿಂಬದಿಯ ಮುಖ್ಯ ಲೆನ್ಸ್, ಅಂದರೆ 1ಎಕ್ಸ್ ಬಳಸಿ. 0.5ಎಕ್ಸ್ ಅಗಲ ಲೆನ್ಸ್ ಅಂಚಿನಲ್ಲಿ ಗೆರೆಗಳನ್ನು ಬಾಗಿಸುತ್ತದೆ, ಬೆಳಕೂ ಕಡಿಮೆ ಹಿಡಿಯುತ್ತದೆ. ಸ್ಟೆಬಿಲೈಸೇಷನ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಲು ಅವಕಾಶವಿದ್ದರೆ ಆಫ್ ಮಾಡಿ. ಟ್ರೈಪಾಡ್ ಮೇಲೆ ಅದರ ಅಗತ್ಯವಿಲ್ಲ, ಅದು ಚಿತ್ರದ ಸುತ್ತ ಕತ್ತರಿಸುವುದರಿಂದ ನೀವು ಅಳೆದಿಟ್ಟ ಚೌಕಟ್ಟು ಬದಲಾಗುತ್ತದೆ. ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಫ್ಲೈಟ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ತೋಟದಿಂದ ರೈಟರ್ (ಗುಮಾಸ್ತ) ಮಾಡುವ ಒಂದು ಕರೆಗೆ ರೆಕಾರ್ಡಿಂಗ್ ನಿಂತುಹೋಗಬಹುದು.

ಹಿಂದಿನ ನೋಟ: ಡೌನ್ ದ ಲೈನ್

ಆಟಗಾರನ ಹಿಂದಿನಿಂದ ಗುರಿಯತ್ತ ನೋಡುವ ಇದೇ ಅತಿ ಹೆಚ್ಚು ತಪ್ಪಾಗುವ ಕೋನ. ನಿಧಾನವಾಗಿ ಮಾಡಿ.

1. ಗುರಿಯನ್ನು ಒಂದೇ ವಸ್ತುವಿಗೆ ಇಳಿಸಿ. ಆ ಗುಡ್ಡದ ಕಡೆ ಎಂದರೆ ಆಗದು. ದೂರದಲ್ಲಿರುವ ಒಂದು ಸಿಲ್ವರ್ ಓಕ್ ಮರದ ಕಾಂಡವೋ ಧ್ವಜದ ಕೋಲೋ ಇರಲಿ.

2. ಚೆಂಡಿನ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತು ಗುರಿ ನೋಡಿ. ಚೆಂಡಿನ ಆಚೆ ಬದಿಗೆ, ಕ್ಲಬ್‌ಗೆ ತಾಗದಂತೆ, ಮೊದಲ ಸ್ಟಿಕ್ ಅನ್ನು ಗುರಿಯತ್ತ ಇಡಿ.

3. ಎರಡನೆಯ ಸ್ಟಿಕ್ ಅನ್ನು ಅದಕ್ಕೆ ಸಮಾಂತರವಾಗಿ ಕಾಲ್ಬೆರಳುಗಳ ಮುಂದೆ ಇಡಿ. ಎರಡರ ನಡುವಿನ ಅಂತರವನ್ನು ಎರಡೂ ತುದಿಯಲ್ಲಿ ಅಳೆದು ನೋಡಿ, ಒಂದೇ ಇರಬೇಕು.

4. 7 ಐರನ್ ಹಿಡಿದು ಚೆಂಡಿನ ಮುಂದೆ ಎಂದಿನಂತೆ ನಿಲ್ಲಿ. ಕೈಗಳಿಂದ ನೇರ ಕೆಳಗೆ ನೆಲದಲ್ಲಿ ಒಂದು ಟೀ (ಚೆಂಡು ಇಡುವ ಸಣ್ಣ ಮೊಳೆ) ಚುಚ್ಚಿ. ಸಾಮಾನ್ಯವಾಗಿ ಅದು ಕಾಲ್ಬೆರಳಿಗಿಂತ ಒಂದು ಗೇಣಿಗೆ ತುಸು ಕಡಿಮೆ ಹೊರಗೆ ಬರುತ್ತದೆ.

5. ಆ ಟೀಗೆ ಹುರಿಯ ತುದಿ ಸಿಕ್ಕಿಸಿ, ಸ್ಟಿಕ್‌ಗಳಿಗೆ ಸಮಾಂತರವಾಗಿ ಗುರಿಯ ವಿರುದ್ಧ ದಿಕ್ಕಿಗೆ 4 ಮೀಟರ್ ಎಳೆಯಿರಿ. ಹುರಿ ಮುಗಿಯುವಲ್ಲಿ ಲೆನ್ಸ್ ಬರಬೇಕು. ಟ್ರೈಪಾಡ್‌ನ ನಡುಕಂಬವಲ್ಲ, ಲೆನ್ಸ್. ಫೋನಿನ ಒಂದು ಮೂಲೆಯಲ್ಲಿರುವ ಲೆನ್ಸ್ ನಡುಕಂಬದಿಂದ ಎರಡು ಮೂರು ಸೆಂ.ಮೀ. ಪಕ್ಕಕ್ಕಿರುತ್ತದೆ.

6. ಲೆನ್ಸ್‌ನ ಎತ್ತರ ನಿಮ್ಮ ಕೈಗಳ ಎತ್ತರದಷ್ಟೇ ಇರಲಿ. ಹೆಚ್ಚಿನವರಿಗೆ ನೆಲದಿಂದ 75ರಿಂದ 85 ಸೆಂ.ಮೀ. ಫೋನನ್ನು ನೆಟ್ಟಗೆ ನಿಲ್ಲಿಸಿದಾಗ ಲೆನ್ಸ್ ಮೇಲ್ತುದಿಯಲ್ಲಿರುವುದರಿಂದ ಟ್ರೈಪಾಡ್‌ನ ಹಿಡಿಕೆ ಇದಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬರುತ್ತದೆ.

7. ಫೋನು ಉದ್ದಕ್ಕೆ ನಿಂತಿರಲಿ, ಮುಂದಕ್ಕೋ ಹಿಂದಕ್ಕೋ ಓರೆಯಾಗದಿರಲಿ. ಸರಿಯಾಗಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆ: ಸಿದ್ಧವಾಗಿ ನಿಂತಾಗ ನಿಮ್ಮ ಕೈಗಳು ಪರದೆಯ ನಟ್ಟನಡುವೆ ಇರಬೇಕು.

8. ಖಾಲಿ ಸ್ವಿಂಗ್ ಒಂದನ್ನು ತೆಗೆದು ನೋಡಿ. ಮೇಲೆ ಕ್ಲಬ್ ತುಂಡಾಗಿ ಕಂಡರೆ ಫೋನನ್ನು ಮೇಲಕ್ಕೆ ವಾಲಿಸಬೇಡಿ, ಅದೇ ಹುರಿಯ ಗೆರೆಯಲ್ಲಿ ಅರ್ಧ ಮೀಟರ್ ಹಿಂದೆ ಸರಿಸಿ.

ಹುರಿಗೆ 4 ಮೀಟರ್‌ಗೊಂದು, 5 ಮೀಟರ್‌ಗೊಂದು ಗಂಟು ಹಾಕಿಡಿ. ನಿಮ್ಮ ಕೈಗಳ ಎತ್ತರಕ್ಕೂ ಒಂದು ಗಂಟಿರಲಿ. ಮುಂದಿನ ಸಲ ಟೇಪ್ ಬೇಡ, ಎರಡೇ ನಿಮಿಷದಲ್ಲಿ ಎಲ್ಲ ನಿಲ್ಲುತ್ತದೆ.

ಇಷ್ಟು ಹುರಿ, ಗಂಟು ಏಕೆ ಎಂದರೆ ಈ ಲೆಕ್ಕ ನೋಡಿ. ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಹಿಂದಕ್ಕೆ ಎತ್ತುವಾಗ, ಶಾಫ್ಟ್ (ಕ್ಲಬ್‌ನ ದಂಡ) ನೆಲಕ್ಕೆ ಸಮಾಂತರವಾದಾಗ, ಅದು ಗುರಿಯ ಗೆರೆಗೂ ಸಮಾಂತರವಾಗಿದ್ದರೆ ಸರಿಯಾದ ಜಾಗದಲ್ಲಿರುವ ಕ್ಯಾಮೆರಾಕ್ಕೆ ಕ್ಲಬ್‌ಹೆಡ್ ಕೈಗಳನ್ನು ಮುಚ್ಚಿದಂತೆ ಕಾಣುತ್ತದೆ. ಅದೇ ಕ್ಯಾಮೆರಾ ಅರ್ಧ ಮೀಟರ್ ಎಡಕ್ಕೆ, ಅಂದರೆ ಹಿಮ್ಮಡಿಯ ಕಡೆಗೆ ಸರಿದರೆ ಕ್ಲಬ್‌ಹೆಡ್ ಕೈಗಳಿಗಿಂತ ಸುಮಾರು 15 ಸೆಂ.ಮೀ. ಹೊರಗೆ, ಅಂದರೆ ಚೆಂಡಿನ ಕಡೆಗೆ, ಹೋದಂತೆ ಕಾಣುತ್ತದೆ. ಕ್ಲಬ್‌ಹೆಡ್ ಕ್ಯಾಮೆರಾಕ್ಕೆ ಹತ್ತಿರ, ಕೈಗಳು ದೂರ ಇರುವುದೇ ಇದಕ್ಕೆ ಕಾರಣ. ಡೌನ್‌ಸ್ವಿಂಗ್‌ನಲ್ಲಿ ಶಾಫ್ಟ್ ಮತ್ತೆ ಸಮಾಂತರವಾದಾಗಲೂ ಇದೇ ಕತೆ: ಸರಿಯಾಗಿ ಇಳಿಯುತ್ತಿರುವ ಕ್ಲಬ್ ಹೊರಗಿನಿಂದ ಒಳಕ್ಕೆ ಕತ್ತರಿಸುವಂತೆ ಕಾಣುತ್ತದೆ. ಚೆಂಡು ಬಲಕ್ಕೆ ಬಾಗಿ ಹೋಗುವ ಸ್ಲೈಸ್‌ಗೆ ಇದೇ ಕಾರಣ ಎಂದು ಆಟಗಾರ ತೀರ್ಮಾನಿಸಿಬಿಡುತ್ತಾನೆ. ಕ್ಯಾಮೆರಾ ಬಲಕ್ಕೆ, ಚೆಂಡಿನ ಗೆರೆಗೆ ಅಥವಾ ಅದರಾಚೆಗೆ ಹೋದರೆ ಉಲ್ಟಾ: ಕ್ಲಬ್ ತೀರ ಒಳಗೆ, ಬೆನ್ನ ಹಿಂದೆ ಹೋದಂತೆ ಕಾಣುತ್ತದೆ. ಪಾದಗಳು ಗುರಿಯ ಎಡಕ್ಕೋ ಬಲಕ್ಕೋ ತಿರುಗಿದಂತೆ ಕಾಣುವುದೂ ಹೀಗೆಯೇ.

ಎತ್ತರದ ತಪ್ಪೂ ಸಣ್ಣದಲ್ಲ. ಕಣ್ಣಿನ ಮಟ್ಟದಿಂದ ತೆಗೆದರೆ ಸ್ವಿಂಗ್ ಇರುವುದಕ್ಕಿಂತ ಚಪ್ಪಟೆಯಾಗಿ (ನೆಲದತ್ತ ವಾಲಿದಂತೆ), ಮೊಣಕಾಲಿನ ಮಟ್ಟದಿಂದ ತೆಗೆದರೆ ಇರುವುದಕ್ಕಿಂತ ನೆಟ್ಟಗೆ ಕಾಣುತ್ತದೆ.

ಡ್ರೈವರ್ ತೆಗೆದುಕೊಂಡಾಗ ಕೈಗಳು ದೇಹದಿಂದ ಇನ್ನಷ್ಟು ದೂರವಿರುತ್ತವೆ, ಟೀ ಮತ್ತೆ ಚುಚ್ಚಿ ಹುರಿ ಮತ್ತೆ ಎಳೆಯಿರಿ.

ಎದುರಿನ ನೋಟ: ಫೇಸ್ ಆನ್

ಇಲ್ಲಿ ಕ್ಯಾಮೆರಾ ನಿಮ್ಮ ಎದೆಯ ನಡುವಿಗೆ ನೇರ ಎದುರು, ಗುರಿಯ ಗೆರೆಗೆ ಲಂಬವಾಗಿ, 5 ಮೀಟರ್ ದೂರದಲ್ಲಿ ನಿಲ್ಲಬೇಕು. ಎತ್ತರ ಅದೇ. ದೂರ ಒಂದು ಮೀಟರ್ ಹೆಚ್ಚಲು ಕಾರಣ, ಈ ಕೋನದಲ್ಲಿ ಕ್ಲಬ್ ನಿಮ್ಮ ಎರಡೂ ಪಕ್ಕಕ್ಕೆ ಪೂರ್ತಿ ಚಾಚುತ್ತದೆ. ಹತ್ತಿರ ಇಟ್ಟರೆ ಡ್ರೈವರ್‌ನ ತಲೆ ಎರಡೂ ಬದಿ ಚೌಕಟ್ಟಿನಿಂದ ಆಚೆ ಹೋಗುತ್ತದೆ.

ಲಂಬ ಕೋನಕ್ಕೆ 3-4-5ರ ಲೆಕ್ಕ ಬಳಸಿ. ಪಾಯ ಗುರುತು ಹಾಕುವ ಮೇಸ್ತ್ರಿಗಳು ಮಾಡುವುದೂ ಇದನ್ನೇ. ಕಾಲ್ಬೆರಳ ಸ್ಟಿಕ್‌ನ ಉದ್ದಕ್ಕೆ ಎದೆಯ ನೇರದಿಂದ 90 ಸೆಂ.ಮೀ. ಗುರುತು ಮಾಡಿ, ಮುಂದಕ್ಕೆ 120 ಸೆಂ.ಮೀ. ಗುರುತು ಮಾಡಿ, ಎರಡರ ನಡುವೆ ಓರೆಯಾಗಿ 150 ಸೆಂ.ಮೀ. ಬಂದರೆ ಮೂಲೆ ಸರಿಯಾಗಿದೆ. ಆ 120ರ ಗೆರೆಯನ್ನೇ ಹುರಿಯಲ್ಲಿ ಮುಂದಕ್ಕೆ ಬೆಳೆಸಿದರೆ ಕ್ಯಾಮೆರಾದ ಜಾಗ ಸಿಗುತ್ತದೆ.

ಇಲ್ಲಿ ಜಾಗ ತಪ್ಪಿದರೆ ಕೆಡುವುದು ಚೆಂಡಿನ ಸ್ಥಾನದ ಅಂದಾಜು. ಚೆಂಡು ಪಾದಗಳಿಗಿಂತ ಕ್ಯಾಮೆರಾಕ್ಕೆ ಹತ್ತಿರವಿರುವುದರಿಂದ, ಕ್ಯಾಮೆರಾ ಅರ್ಧ ಮೀಟರ್ ಗುರಿಯ ಕಡೆಗೆ ಸರಿದರೆ ಚೆಂಡು ಆರೇಳು ಸೆಂ.ಮೀ. ಬಲಗಾಲಿನ ಕಡೆಗೆ ಹೋದಂತೆ ಕಾಣುತ್ತದೆ. ಒಂದೂವರೆ ಚೆಂಡಿನಗಲ. 7 ಐರನ್‌ಗೂ ಹತ್ತಿರದ ಹೊಡೆತಕ್ಕೆ ಬಳಸುವ ವೆಡ್ಜ್‌ಗೂ ನಡುವೆ ಚೆಂಡಿನ ಸ್ಥಾನದ ವ್ಯತ್ಯಾಸವೇ ಅಷ್ಟಿಲ್ಲ.

ಈಗ ಸುರಕ್ಷತೆಯ ಮಾತು. ಶ್ಯಾಂಕ್ ಆದ, ಅಂದರೆ ಕ್ಲಬ್‌ಮುಖದ ಬದಲು ಹೊಸೆಲ್‌ಗೆ (ಶಾಫ್ಟ್ ತಲೆಗೆ ಸೇರುವ ಕುತ್ತಿಗೆ) ತಾಗಿದ ಚೆಂಡು ಬಲಗೈ ಆಟಗಾರನ ಮುಂದಕ್ಕೆ, ಗುರಿಯ ಬಲಕ್ಕೆ ಚಿಮ್ಮುತ್ತದೆ. ಎದುರಿನ ಕ್ಯಾಮೆರಾ ಇರುವುದು ಅದೇ ಬದಿಯಲ್ಲಿ. ಫೋನಿಗೆ ಬಿದ್ದರೆ ಗಾಜು ಹೋದೀತು, ಮನುಷ್ಯರಿಗೆ ಬಿದ್ದರೆ ಕಣ್ಣು ಹೋದೀತು. ಆದ್ದರಿಂದ ಆ ಬದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ, ಮಕ್ಕಳನ್ನಂತೂ ಹತ್ತಿರಕ್ಕೂ ಬಿಡಬೇಡಿ. ರಿಮೋಟ್ ಇರುವುದು ಇದಕ್ಕೇ. ಡ್ರೈವಿಂಗ್ ರೇಂಜ್‌ನಲ್ಲಿ ಪಕ್ಕದವರು ಹೊಡೆಯುವ ಜಾಗದಲ್ಲಿ ಟ್ರೈಪಾಡ್ ಇಡುವಂತಿಲ್ಲ. ಎದುರಿನ ನೋಟಕ್ಕೆ ಸಾಲಿನ ಬಲತುದಿಯ ಬೇ (ಒಬ್ಬರು ನಿಂತು ಹೊಡೆಯುವ ಜಾಗ) ಆರಿಸಿಕೊಂಡರೆ ನಿಮ್ಮ ಮುಂದೆ ಬೇರೆ ಆಟಗಾರ ಇರುವುದಿಲ್ಲ.

ಮಲೆನಾಡಿನ ಬೆಳಕು, ಇಬ್ಬನಿ, ಇಳಿಜಾರು

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಎತ್ತರದಲ್ಲಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಮಂಜು ಕವಿದಿರುತ್ತದೆ, ಹುಲ್ಲಿನ ತುಂಬ ಇಬ್ಬನಿ. ಆ ಹೊತ್ತಿನಲ್ಲಿ ತೆಗೆದ ವಿಡಿಯೊ ಹಾಲಿನಂತೆ ಬೆಳ್ಳಗಾಗಿ, ಶಾಫ್ಟ್ ಕಾಣದೆ ಹೋಗುತ್ತದೆ. ಲೆನ್ಸ್ ಮೇಲೂ ಹಬೆ ಕೂರುತ್ತದೆ. ಬೆಚ್ಚಗಿನ ಜೇಬಿನಲ್ಲಿ ಬೆವರಿನ ತೇವ ತಾಗಿದ ಫೋನನ್ನು ತಕ್ಷಣ ಬಳಸದೆ, ಟ್ರೈಪಾಡ್ ಮೇಲೆ ಐದು ನಿಮಿಷ ಬಿಟ್ಟು ಒರೆಸಿ ಶುರುಮಾಡಿ. ಒಂಬತ್ತರಿಂದ ಹನ್ನೊಂದು, ಮತ್ತೆ ಮೂರರಿಂದ ನಾಲ್ಕೂವರೆ ಒಳ್ಳೆಯ ಹೊತ್ತು.

ಸೂರ್ಯ ಕ್ಯಾಮೆರಾದ ಬೆನ್ನ ಹಿಂದೆ ಅಥವಾ ಪಕ್ಕದಲ್ಲಿರಬೇಕು. ಡಿಸೆಂಬರ್-ಜನವರಿಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದತ್ತ ಮುಖ ಮಾಡಿದ ಕ್ಯಾಮೆರಾಕ್ಕೆ ನೀವು ಬರೀ ಕಪ್ಪು ಆಕೃತಿ. ಏಪ್ರಿಲ್ ಕೊನೆಯ ವಾರ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಬೆಳಕು ಧಾರಾಳ, ಆದರೆ ಫೋನು ಕಾದು ಪರದೆ ಮಂಕಾಗುತ್ತದೆ, ಕೆಲವೊಮ್ಮೆ ಕ್ಯಾಮೆರಾ ತಾನೇ ನಿಲ್ಲುತ್ತದೆ. ಕವರ್ ತೆಗೆದಿಡಿ, ಹೊಡೆತಗಳ ನಡುವೆ ಟೋಪಿ ಮುಚ್ಚಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕೇ ದೊಡ್ಡ ಕೊರತೆ. ದಟ್ಟ ಮೋಡದಡಿ 240 ಫ್ರೇಮ್ ಇಟ್ಟರೆ ಚಿತ್ರದ ತುಂಬ ಕಾಳುಕಾಳು. 120ಕ್ಕೆ ಇಳಿಸಿ, ಮರದ ನೆರಳು ಬಿಟ್ಟು ಬಯಲಿಗೆ ಬನ್ನಿ. ಮಳೆಕೋಟು, ದೊಗಳೆ ಜರ್ಕಿನ್ ಹಾಕಿದರೆ ಮೊಣಕೈ ಎಲ್ಲಿದೆ, ಸೊಂಟ ಎಲ್ಲಿದೆ ಎಂದೇ ತಿಳಿಯದು. ಮೈಗೆ ಅಂಟುವ, ಹಿನ್ನೆಲೆಗಿಂತ ಬೇರೆ ಬಣ್ಣದ ಬಟ್ಟೆ ಹಾಕಿ.

ಹಿನ್ನೆಲೆಯ ಬಗ್ಗೆ ಇಲ್ಲಿ ವಿಶೇಷ ಎಚ್ಚರ ಬೇಕು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಸಾಲು ಕಣ್ಣಿಗೆ ಚೆಂದ, ಆದರೆ ತೆಳ್ಳಗಿನ ಬೂದುಬಣ್ಣದ ಶಾಫ್ಟ್ ಅದರ ಮುಂದೆ ಕಳೆದೇಹೋಗುತ್ತದೆ. ಬಯಲು ಹುಲ್ಲು ಅಥವಾ ಆಕಾಶ ಹಿನ್ನೆಲೆಯಾಗುವಂತೆ ಗುರಿ ಆರಿಸಿ. ಅಭ್ಯಾಸದ ಕ್ಲಬ್‌ಗೆ ಗ್ರಿಪ್‌ನ ಕೆಳಗೊಂದು, ಹೊಸೆಲ್‌ನ ಮೇಲೊಂದು ಬಿಳಿ ಟೇಪಿನ ಸುತ್ತು ಹಾಕಿದರೆ ಫ್ರೇಮ್ ಫ್ರೇಮ್‌ನಲ್ಲೂ ಕಣ್ಣಿಗೆ ಸಿಗುತ್ತದೆ.

ನಮ್ಮ ಕಡೆ ಸಮತಟ್ಟು ಜಾಗ ಅಪರೂಪ. ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಸ್ವಿಂಗ್ ತಾನಾಗಿ ಚಪ್ಪಟೆಯಾಗುತ್ತದೆ, ತಗ್ಗಿನಲ್ಲಿದ್ದರೆ ನೆಟ್ಟಗಾಗುತ್ತದೆ. ಅದು ದೋಷವಲ್ಲ, ನೆಲಕ್ಕೆ ಹೊಂದಿಕೊಂಡದ್ದು. ಹೋಲಿಸಿ ನೋಡುವ ವಿಡಿಯೊವನ್ನು ಟೀ ಬಾಕ್ಸ್‌ನಂಥ (ಮೊದಲ ಹೊಡೆತ ಹೊಡೆಯುವ ಜಾಗ) ಮಟ್ಟದ ನೆಲದಲ್ಲೇ ತೆಗೆಯಿರಿ. ಕ್ಯಾಮೆರಾ ನಿಲ್ಲುವ ನೆಲ ತಗ್ಗಿದ್ದರೆ ಎತ್ತರವನ್ನು ಅಲ್ಲಿಂದ ಅಳೆಯಬೇಡಿ, ನೀವು ನಿಂತ ನೆಲದ ಮಟ್ಟದಿಂದ ಅಳೆಯಿರಿ.

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೆಯಲ್ಲೇ ಬಲೆ ಕಟ್ಟಿಕೊಂಡು ಅಭ್ಯಾಸ ಮಾಡುವವರಿಗೆ ಕಾಫಿ ಒಣಗಿಸುವ ಕಣ ಒಳ್ಳೆ ಜಾಗ, ಕೊಯ್ಲು ಇಲ್ಲದ ತಿಂಗಳುಗಳಲ್ಲಿ. ಮಟ್ಟದ ನೆಲ, ತೆರೆದ ಬೆಳಕು, ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಎಲ್ಲ ಗೆರೆಗಳನ್ನೂ ಎಳೆಯಬಹುದು. ಚಾಪೆ ದಪ್ಪದ್ದಿರಲಿ, ಇಲ್ಲದಿದ್ದರೆ ಮಣಿಕಟ್ಟಿಗೆ ಪೆಟ್ಟು. ಗೋಡೌನ್ ಒಳಗೆ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಸ್ಲೋ ಮೋಷನ್ ತೆಗೆದರೆ ಚಿತ್ರ ಮಿಟುಕುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಆ ದೀಪಗಳು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತವೆ, ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಶೆಟರ್ ಬಾಗಿಲು ಪೂರ್ತಿ ಎತ್ತಿ ಹಗಲಿನಲ್ಲೇ ತೆಗೆಯಿರಿ.

ಯಾವ ಹೊಡೆತಗಳನ್ನು ತೆಗೆಯಬೇಕು

ಮೊದಲು ಹತ್ತು ಹದಿನೈದು ಚೆಂಡು ಹೊಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 7 ಐರನ್‌ನಲ್ಲಿ ಹಿಂದಿನ ನೋಟ ಐದು, ಎದುರಿನ ನೋಟ ಐದು. ಅದಾದ ಮೇಲೆ ಡ್ರೈವರ್‌ನಲ್ಲಿ ಅಷ್ಟೇ. ಇಪ್ಪತ್ತಕ್ಕಿಂತ ಹೆಚ್ಚು ತೆಗೆದರೆ ಯಾರೂ ಕೂತು ನೋಡುವುದಿಲ್ಲ.

ಪ್ರತಿ ಹೊಡೆತದ ಬಳಿಕ ರೆಕಾರ್ಡಿಂಗ್ ನಿಲ್ಲಿಸುವ ಮೊದಲು ಚೆಂಡು ಏನಾಯಿತೆಂದು ಗಟ್ಟಿಯಾಗಿ ಹೇಳಿ: "ಏಳು ಐರನ್, ನೇರ ಹೊರಟು ಬಲಕ್ಕೆ ತಿರುಗಿತು, ಹೊಡೆತ ತುದಿಗೆ ತಾಗಿತು." ಇದು ಅತ್ಯಂತ ಬೆಲೆಬಾಳುವ ಅಭ್ಯಾಸ. ಚೆಂಡಿನ ಹಾರಾಟ ಗೊತ್ತಿಲ್ಲದ ಸ್ವಿಂಗ್ ವಿಡಿಯೊದಿಂದ ಅರ್ಧ ವಿಷಯವಷ್ಟೇ ತಿಳಿಯುತ್ತದೆ. ಸ್ಲೋ ಮೋಷನ್‌ನಲ್ಲಿ ಧ್ವನಿ ಎಳೆದಂತಾದರೆ ಅಥವಾ ಬಾರದಿದ್ದರೆ ಬೆರಳಿನಲ್ಲಿ ತೋರಿಸಿ, ಎಡಕ್ಕೋ ಬಲಕ್ಕೋ. ಕ್ಲಬ್‌ನ ಮುಖದ ಮೇಲೆ ಚೆಂಡು ಎಲ್ಲಿ ತಾಗಿತೆಂದು ತಿಳಿಯಲು ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬೊಟ್ಟಿಡಿ. ಅದು ಮುಖದ ಮೇಲೆ ಅಚ್ಚಾಗುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಅತ್ಯುತ್ತಮ ಹೊಡೆತವನ್ನು ಮಾತ್ರ ಉಳಿಸಿಕೊಂಡು ಉಳಿದದ್ದು ಅಳಿಸಬೇಡಿ. ಐದರಲ್ಲಿ ಮೂರು ಸಲ ಕಾಣುವುದೇ ನಿಮ್ಮ ನಿಜವಾದ ಸ್ವಿಂಗ್.

ನೋಡುವ ಕ್ರಮ

ಮೊದಲು ಸಾಮಾನ್ಯ ವೇಗದಲ್ಲಿ ಎರಡು ಸಲ ನೋಡಿ. ಆಮೇಲೆ ಒಂದೊಂದೇ ಫ್ರೇಮ್. ಫೋನಿನ ಗ್ಯಾಲರಿಯಲ್ಲಿ ಬೆರಳಿನಿಂದ ಎಳೆಯುವುದು ಕಷ್ಟವಾದರೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ತೆರೆದು ಇ ಕೀಲಿ ಒತ್ತಿ, ಪ್ರತಿ ಒತ್ತಿಗೆ ಒಂದು ಫ್ರೇಮ್ ಮುಂದೆ ಹೋಗುತ್ತದೆ. ಗೆರೆ ಎಳೆದು ನೋಡಲು ವಿಂಡೋಸ್‌ನಲ್ಲಿ ಕಿನೋವಿಯಾ ಉಚಿತ. ಫೋನಿನಲ್ಲಿ ವಿ1 ಗಾಲ್ಫ್ ಇದೆ.

ಹಿಂದಿನ ನೋಟದಲ್ಲಿ ನಾಲ್ಕೇ ಜಾಗದಲ್ಲಿ ನಿಲ್ಲಿಸಿ. ಸಿದ್ಧವಾಗಿ ನಿಂತಾಗ ಪೃಷ್ಠದ ಹಿಂದೆ ಒಂದು ಲಂಬ ಗೆರೆ ಎಳೆಯಿರಿ. ಬ್ಯಾಕ್‌ಸ್ವಿಂಗ್‌ನಲ್ಲಿ ಶಾಫ್ಟ್ ಸಮಾಂತರವಾದಾಗ ಕ್ಲಬ್‌ಹೆಡ್ ಕೈಗಳ ಒಳಗೋ ಹೊರಗೋ ನೋಡಿ. ಡೌನ್‌ಸ್ವಿಂಗ್‌ನಲ್ಲಿ ಮತ್ತೆ ಸಮಾಂತರವಾದಾಗ ಅದನ್ನೇ ನೋಡಿ. ಇಲ್ಲಿ ಕ್ಲಬ್‌ಹೆಡ್ ಕೈಗಳಿಗಿಂತ ಸ್ಪಷ್ಟವಾಗಿ ಹೊರಗಿದ್ದರೆ ಅದು ಹೊರಗಿನಿಂದ ಒಳಕ್ಕೆ ಬರುತ್ತಿದೆ. ಕೊನೆಗೆ ಚೆಂಡು ತಾಗುವ ಫ್ರೇಮ್‌ನಲ್ಲಿ ಪೃಷ್ಠ ಆ ಲಂಬ ಗೆರೆ ಬಿಟ್ಟು ಚೆಂಡಿನ ಕಡೆಗೆ ನುಗ್ಗಿದೆಯೇ ನೋಡಿ. ನುಗ್ಗಿದ್ದರೆ ಕೈಗಳಿಗೆ ಜಾಗವಿಲ್ಲದೆ ಬೆನ್ನು ನೆಟ್ಟಗಾಗುತ್ತದೆ. ಹೊಸೆಲ್‌ಗೆ ತಾಗುವುದು, ಚೆಂಡಿನ ತಲೆಗೆ ತಾಗುವುದು ಇವುಗಳ ಹಿಂದೆ ಅನೇಕ ಸಲ ಇದೇ ಇರುತ್ತದೆ.

ಎದುರಿನ ನೋಟದಲ್ಲಿ ಚೆಂಡಿನ ಸ್ಥಾನ, ಬ್ಯಾಕ್‌ಸ್ವಿಂಗ್‌ನಲ್ಲಿ ಸೊಂಟ ಬಲಪಾದದ ಹೊರಗೆ ಜಾರುತ್ತದೆಯೇ, ತಾಗುವಾಗ ತಲೆ ಚೆಂಡಿಗಿಂತ ಮುಂದೆ ಹೋಗಿದೆಯೇ, ಐರನ್‌ನಲ್ಲಿ ಕೈಗಳು ಕ್ಲಬ್‌ಹೆಡ್‌ಗಿಂತ ಮುಂದಿವೆಯೇ ನೋಡಿ. ಮಣ್ಣು ಎದ್ದದ್ದು ಚೆಂಡಿನ ಮುಂದೆಯೋ ಹಿಂದೆಯೋ ಎನ್ನುವುದೂ ಇದೇ ನೋಟದಲ್ಲಿ ಚೆನ್ನಾಗಿ ಕಾಣುತ್ತದೆ.

ಲಯ ಅಳೆಯುವುದೂ ಸುಲಭ. 240ರ ವಿಡಿಯೊದಲ್ಲಿ ಕ್ಲಬ್ ಮೊದಲು ಅಲುಗಿದ ಫ್ರೇಮ್‌ನಿಂದ ಬ್ಯಾಕ್‌ಸ್ವಿಂಗ್‌ನ ಮೇಲ್ತುದಿ ಮುಟ್ಟುವವರೆಗೆ ಎಣಿಸಿ, ಅಲ್ಲಿಂದ ಚೆಂಡು ತಾಗುವವರೆಗೆ ಎಣಿಸಿ. ಒಳ್ಳೆಯ ಆಟಗಾರರಲ್ಲಿ ಇದು ಮೂರಕ್ಕೆ ಒಂದರ ಹತ್ತಿರವಿರುತ್ತದೆ: 180 ಫ್ರೇಮ್, 60 ಫ್ರೇಮ್.

ನಂಬಬಾರದ ಸಂಗತಿಗಳೂ ಇವೆ. ಚೆಂಡು ತಾಗುವ ಹೊತ್ತಿಗೆ ಶಾಫ್ಟ್ ಬಿಲ್ಲಿನಂತೆ ಬಾಗಿ ಕಂಡರೆ ಗಾಬರಿ ಬೇಡ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ಹಿಡಿಯದೆ ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ಕ್ಲಬ್ ಮುಂದೆ ಹೋಗಿರುತ್ತದೆ. ಶಾಫ್ಟ್ ನಿಜವಾಗಿ ಬಾಗುವುದು ಅದರಲ್ಲಿ ಸ್ವಲ್ಪವೇ. ಹಾಗಾಗಿ ಆ ಫ್ರೇಮ್‌ಗಳಲ್ಲಿ ಶಾಫ್ಟ್ ಮೇಲೆ ಗೆರೆ ಎಳೆದು ಡಿಗ್ರಿ ಲೆಕ್ಕ ಹಾಕಬೇಡಿ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವ ಕ್ಲಬ್‌ಮುಖದ ಕೋನವೂ ಫೋನಿನಲ್ಲಿ ನಂಬುವ ಮಟ್ಟಕ್ಕೆ ಕಾಣುವುದಿಲ್ಲ, ಅದನ್ನು ಚೆಂಡಿನ ಹಾರಾಟದಿಂದಲೇ ತಿಳಿಯಬೇಕು. ಟಿವಿಯಲ್ಲಿ ಕಂಡ ದೊಡ್ಡ ಆಟಗಾರರ ಸ್ವಿಂಗ್ ಪಕ್ಕ ನಿಮ್ಮದನ್ನು ಇಟ್ಟು ಹೋಲಿಸುವುದು ಇನ್ನೂ ದಾರಿ ತಪ್ಪಿಸುತ್ತದೆ. ಆ ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿತ್ತು ಎಂದು ನಿಮಗೆ ಗೊತ್ತಿಲ್ಲ. ಹೋಲಿಸಬೇಕಾದದ್ದು ನಿಮ್ಮದೇ ಕಳೆದ ತಿಂಗಳ ವಿಡಿಯೊ ಜೊತೆಗೆ, ಅದೇ ಕ್ಲಬ್, ಅದೇ ಗಂಟಿನ ಅಳತೆ.

ಒಂದು ಸಲಕ್ಕೆ ಒಂದೇ ದೋಷ ಹಿಡಿಯಿರಿ. ತಿದ್ದಿದಂತೆ ಅನಿಸಿದ ಮೇಲೆ ಮತ್ತೆ ತೆಗೆದು ನೋಡಿದರೆ ಬದಲಾವಣೆ ಅಂದುಕೊಂಡದ್ದರ ಕಾಲುಭಾಗವೂ ಇರುವುದಿಲ್ಲ. ಇದು ಎಲ್ಲರಿಗೂ ಆಗುವುದೇ. ದೇಹಕ್ಕೆ ಅನಿಸುವುದಕ್ಕೂ ಆಗುವುದಕ್ಕೂ ದೊಡ್ಡ ಅಂತರವಿದೆ, ವಿಡಿಯೊ ಬೇಕಾಗಿರುವುದು ಆ ಅಂತರ ಅಳೆಯಲು. ವಾರಕ್ಕೆ ಒಂದು ಸಲ ಸಾಕು. ಪ್ರತಿ ಚೆಂಡಿಗೂ ಫೋನಿನ ಬಳಿ ಓಡಿದರೆ ಆಟ ಕಲಿಯುವುದು ನಿಲ್ಲುತ್ತದೆ.

ಇದೆಲ್ಲ ಅಭ್ಯಾಸಕ್ಕೆ ಮಾತ್ರ. ಸ್ಪರ್ಧೆಯ ಸುತ್ತಿನಲ್ಲಿ ನಿಲುವಿಗೆ ನೆರವಾಗಲೆಂದು ನೆಲದ ಮೇಲೆ ಸ್ಟಿಕ್ ಇಟ್ಟರೆ ದಂಡವಿದೆ, ಸಲಕರಣೆಗಳ ಬಳಕೆಗೂ ನಿಯಮ 4.3ರ ಮಿತಿಗಳಿವೆ. ಸ್ಟಿಕ್, ಹುರಿ, ಟ್ರೈಪಾಡ್ ಎಲ್ಲ ಕಾರಿನಲ್ಲೇ ಬಿಟ್ಟು ಹೋಗಿ.

ಕೋಚ್‌ಗೆ ಕಳಿಸುವಾಗ

ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದಾಗುತ್ತದೆ, ಕಷ್ಟಪಟ್ಟು ಹಿಡಿದ ಫ್ರೇಮ್‌ಗಳು ಅಲ್ಲೇ ಕಳೆದುಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಗೂಗಲ್ ಡ್ರೈವ್ ಕೊಂಡಿ ಕೊಡಿ. ಮೊದಲು ಕತ್ತರಿಸಿ: ಸಿದ್ಧವಾಗಿ ನಿಂತ ಒಂದು ಸೆಕೆಂಡಿನಿಂದ ಹೊಡೆದು ನಿಂತ ಒಂದು ಸೆಕೆಂಡಿನವರೆಗೆ ಸಾಕು. ಗೆರೆ, ಸಂಗೀತ, ಫಿಲ್ಟರ್ ಏನೂ ಬೇಡ. ಫೈಲಿನ ಹೆಸರಿನಲ್ಲಿ ತಾರೀಕು, ಕ್ಲಬ್, ಕೋನ, ಚೆಂಡು ಹೋದ ದಿಕ್ಕು ಇರಲಿ.

ಜೊತೆಗೆ ನಾಲ್ಕು ಸಾಲು ಬರೆಯಿರಿ. "ಸರ್, 7 ಐರನ್, ಹಿಂದಿನಿಂದ ಎರಡು, ಎದುರಿನಿಂದ ಎರಡು. ಕ್ಯಾಮೆರಾ ಕೈಗಳ ಗೆರೆಯಲ್ಲಿ, 4 ಮೀಟರ್, 80 ಸೆಂ.ಮೀ. ಎತ್ತರ. ಐದರಲ್ಲಿ ಮೂರು ನೇರ ಹೊರಟು ಬಲಕ್ಕೆ ತಿರುಗಿದವು, ಮಾರ್ಕರ್ ಗುರುತು ಮುಖದ ತುದಿಯ ಕಡೆಗೆ ಬಿದ್ದಿದೆ. ಎಡ ಮೊಣಕಾಲಿನಲ್ಲಿ ಸ್ವಲ್ಪ ನೋವಿದೆ." ಇಷ್ಟು ಕೈಯಲ್ಲಿದ್ದರೆ ಕೋಚ್ ಮರುಪ್ರಶ್ನೆ ಕೇಳದೆ ಉತ್ತರ ಕೊಡಬಲ್ಲರು.